ಕುಣಿಮಗ್ಗದ ಓಣಿ ಕಾಯುವ ಫರಹಾನಾ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹಾಲಿನವರೂ ಇನ್ನೂ ಎದ್ದಿಲ್ಲ. ಫರಹಾನಾ ಅವರ ಕಂಪ್ಯೂಟರ್ ಮಾತ್ರ ಎದ್ದಿದೆ. ಅತ್ತ ಇಳಕಲ್ಲಿನಲ್ಲಿ ಜೋರು ಮಳೆ ಸುರಿದಿದೆ. ಅಲ್ಲಿನ ಮಳೆಮಾಪಕ ಕಳಿಸಿದ ಅಂಕಿಗಳನ್ನು ಸಾಫ್ಟ್‌ವೇರಿಗೆ ಉಣ್ಣಿಸಿ, ಚಹಾ ಆರಿದ್ದನ್ನೂ ಮರೆತು ಕೂತಿದ್ದಾರೆ.

"ನೇಕಾರರ ಓಣಿಗೆ ನೀರು ಬರಂಗಿಲ್ಲ ಅಂತೈತ್ರಿ ಇದು. ಆದ್ರ ಒಮ್ಮೆ ಇದರ ಮಾತು ನಂಬಿ ಕೆಟ್ಟೇನಿ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಖಾಸಗಿ ಸರ್ವೆ ಕಚೇರಿಯೊಂದರಲ್ಲಿ ಅವರದು ಗುತ್ತಿಗೆ ನೌಕರಿ. ನೆಲದ ಇಳಿಜಾರು, ಮಣ್ಣಿನ ಗುಣ, ಮಳೆಯ ಪ್ರಮಾಣ ಕೊಟ್ಟರೆ ಎಷ್ಟು ನೀರು ಇಂಗುತ್ತದೆ, ಎಷ್ಟು ಹರಿದು ಎಲ್ಲಿಗೆ ನುಗ್ಗುತ್ತದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿ ನಕ್ಷೆ ಬಿಡಿಸುತ್ತದೆ. ಅಪಾಯದ ಜಾಗ ಕೆಂಪು, ಉಳಿದದ್ದು ಹಸಿರು. ಸೇತುವೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಬರುತ್ತದೆ. ನಕ್ಷೆ ಮಾಡಿದವರನ್ನು ಯಾರು ಕೇಳುತ್ತಾರೆ?

ಕೆಲವು ವರ್ಷಗಳ ಹಿಂದೆ ಆ ಓಣಿ ನಕ್ಷೆಯಲ್ಲಿ ಹಸಿರಾಗಿತ್ತು. ಮೊಣಕಾಲಿಗಿಂತ ಕಡಿಮೆ ನೀರಿದ್ದರೆ ಅಪಾಯವಿಲ್ಲ ಎಂದು ಫರಹಾನಾ ಲೆಕ್ಕ ಹಿಡಿದಿದ್ದರು. ಮಳೆ ಬಂದಾಗ ನೀರು ಪಾದ ಮುಳುಗುವಷ್ಟೇ ನಿಂತಿತು. ಲೆಕ್ಕ ಗೆದ್ದಿತೆಂದು ಹಿಗ್ಗಿ ನೋಡಲು ಹೋದರೆ, ನೇಕಾರ್ತಿ ರುಕ್ಮಿಣೀಬಾಯಿಯವರ ಮನೆಯಲ್ಲಿ ಕೆಸರು. ಅವರದು ನೆಲ ತೋಡಿ ಹೂಡಿದ ಕುಣಿಮಗ್ಗ. ಕಾಲು ಇಳಿಬಿಟ್ಟು ಕೂರುವ ಆ ಕುಣಿಗೆ ಹೊಸ್ತಿಲು ದಾಟಿದ ನೀರೆಲ್ಲ ಇಳಿದಿತ್ತು. ಅರ್ಧ ನೇಯ್ದ ಸೀರೆ ಹಾಳಾಗಿತ್ತು.

"ನಮ್ಮವ್ವ ಇಳಕಲ್ಲ ಸೀರೀನ ಉಡ್ತಿದ್ಲು. ಮಗ್ಗ ನೆಲದಾಗ ಇಳಿದಿರ್ತೈತಿ ಅಂತ ನನಗ ಗೊತ್ತಿತ್ತು. ಆದ್ರೂ ಹೊಳೀಲಿಲ್ಲ. ಭಾಳ ನಾಚಿಕಿ ಆತ್ರಿ," ಎನ್ನುತ್ತಾರೆ ಫರಹಾನಾ.

ಆಮೇಲೆ ಮನೆಮನೆ ಹೊಕ್ಕು ಹೊಸ್ತಿಲಿನ ಎತ್ತರ ಅಳೆದರು. ಹೊಸ ಲೆಕ್ಕದಲ್ಲಿ ಓಣಿ ಪೂರಾ ಕೆಂಪಾಯಿತು. ಆ ನಕ್ಷೆ ಹಿಡಿದು ಮೇಲಿನವರನ್ನು ಬೆನ್ನುಬಿಡದೆ ಕಾಡಿದ್ದಕ್ಕೆ ಈ ಬೇಸಿಗೆಯಲ್ಲಿ ಓಣಿಯ ಮೇಲ್ಬದಿಗೆ, ನೀರನ್ನು ಪಕ್ಕಕ್ಕೆ ತಿರುಗಿಸುವ ಗಟಾರು ಬಂದಿದೆ. ಅದು ಕಂಡ ಮೊದಲ ದೊಡ್ಡ ಮಳೆ ಇಂದಿನದು.

ಹೊತ್ತು ಮೂಡಿದ ಮೇಲೆ ಫರಹಾನಾ ಫೋನ್ ಹಚ್ಚುತ್ತಾರೆ. ರುಕ್ಮಿಣೀಬಾಯಿ ಎತ್ತುವುದಿಲ್ಲ. ಮತ್ತೆ ಹಚ್ಚುತ್ತಾರೆ. ಈ ಸಲ ಅವರು ಎತ್ತಿದ್ದೇ, ನನಗೂ ಕೇಳಲೆಂದು ಫರಹಾನಾ ಸ್ಪೀಕರ್ ಹಾಕುತ್ತಾರೆ.

"ಅಕ್ಕಾರ, ಒಳಗ ನೀರು ಬಂತೇನ್ರಿ?"

"ಎಲ್ಲೀ ನೀರವ್ವಾ! ಮಗ್ಗಕ್ಕ ಕುಂತೇನಿ, ಆಮ್ಯಾಲ ಮಾತಾಡ್ತೇನಿ," ಎಂದು ಅವರು ಫೋನ್ ಇಟ್ಟೇಬಿಡುತ್ತಾರೆ.

ಗಟಾರಿನ ಹಿಂದೆ ನಿಮ್ಮ ನಕ್ಷೆ ಇದೆಯೆಂದು ಅವರಿಗೆ ಗೊತ್ತೇ ಎಂದು ಕೇಳುತ್ತೇನೆ. ಫರಹಾನಾ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ.

"ಗೊತ್ತಾಗಿ ಏನ್ ಮಾಡೂದೈತ್ರಿ? ಇಷ್ಟು ಮಳಿ ಬಿದ್ರೂ ಮಗ್ಗ ಬಿಟ್ಟು ಏಳಲಿಲ್ಲ ನೋಡ್ರಿ. ನನಗ ಅದ ಭಾಳ ಆತು."