ಕಟ್ಟಿಗೆಯ ಕಟ್ಟೆ

ಭಾನುವಾರ, ೧೯೪೭ ಅಕ್ಟೋಬರ್ ೧೨. ಬೆಳಿಗ್ಗೆ ಏಳು ಗಂಟೆ. ಹಿತ್ತಲಿನಲ್ಲಿದ್ದವರು ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಮಳೆ ನಿಂತು ನಾಲ್ಕು ದಿನವಾಗಿತ್ತು. ಕಟ್ಟೆಯ ಹಲಗೆಗಳೆಲ್ಲ ಒಣಗಿ ಬೂದುಬಣ್ಣಕ್ಕೆ ತಿರುಗಿದ್ದವು. ನಡುವಿನ ಮೂರರಲ್ಲಿ ಮಾತ್ರ ತೇವದ ಕಪ್ಪು ಉಳಿದಿತ್ತು. ಅವನ್ನು ಬಟ್ಟೆಯಿಂದ ಒರೆಸಿ, ಮೂರು ತಾಸು ಬಿಸಿಲಿಗೆ ಬಿಟ್ಟು, ಹತ್ತಕ್ಕೆ ಸರಿಯಾಗಿ ಅಗಸೆ ಎಣ್ಣೆಯ ಡಬ್ಬಿ ತೆರೆದೆ.

ಆ ವಾಸನೆ ನಿಮಗೂ ಗೊತ್ತಿರಬಹುದು. ಹೊಸ ಬಾಗಿಲಿಗೆ, ಕಿಟಕಿಗೆ, ಕ್ರಿಕೆಟ್ ಬ್ಯಾಟಿಗೆ ಅದನ್ನು ಹಚ್ಚುತ್ತಾರೆ. ಹಲವರಿಗೆ ಅದು ಹೊಸ ಮನೆಯ ವಾಸನೆ. ನನಗೆ ಅದು ಅಕ್ಕನನ್ನು ನೆನಪಿಸುತ್ತದೆ. ವಿಚಿತ್ರವೆಂದರೆ ಬದುಕಿದ್ದಷ್ಟು ದಿನ ಅವಳ ಮೈಯಿಂದ ಬರುತ್ತಿದ್ದದ್ದು ಒಲೆಯ ಹೊಗೆಯ ವಾಸನೆ, ಎಣ್ಣೆಯದಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡು, ನಾನು ಪುಣೆಯಲ್ಲಿ ನೌಕರಿಗೆ ಸೇರಿ ಮನೆ ಮಾಡಿದ ವರ್ಷ ನಮ್ಮಲ್ಲಿಗೆ ಬಂದಳು. ಬಂದ ದಿನವೇ ಅಡಿಗೆಮನೆ ಹೊಕ್ಕಳು. ಹದಿಮೂರು ವರ್ಷ ಅಲ್ಲಿಯೇ ಇದ್ದಳು ಎಂದರೆ ತಪ್ಪಾಗದು. ಆ ಅಡಿಗೆಮನೆಗೆ ಇದ್ದದ್ದು ಒಂದೇ ಕಿಟಕಿ, ಊಟದ ತಾಟಿನಷ್ಟು ಅಗಲ. ಅದನ್ನು ದೊಡ್ಡದು ಮಾಡಿಸೆಂದು ಅಕ್ಕ ಎರಡು ಸಲ ಹೇಳಿದ್ದಳು. ನಾನು ಅದನ್ನು ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದೆ.

ಪಟ್ಟಿಯ ವಿಷಯ ಬಂದದ್ದರಿಂದ ನನ್ನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು, ಗಂಟೆ ಬಾರಿಸಿದಾಗ ದೀಪ ಆರಿಸಿ ಬೆಳೆದವನು ನಾನು. ಹಾಸಿಗೆಯ ಮಡಿಕೆ ನಾಲ್ಕೇ ಆಗಬೇಕು, ಐದಾಗಬಾರದು. ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ನನ್ನ ಪೆನ್ಸಿಲುಗಳೆಲ್ಲ ಒಂದೇ ಉದ್ದ ಇರುತ್ತಿದ್ದವು. ನೀವು ನಗಬಹುದು. ಅಕ್ಕನೂ ನಗುತ್ತಿದ್ದಳು. “ಇವನ ಮನ್ಯಾಗ ಬೆಕ್ಕು ಸುದ್ದಾ ಸಾಲು ಹಿಡದು ನಡೀತದ,” ಎನ್ನುತ್ತಿದ್ದಳು.

ಇಪ್ಪತ್ತಮೂರು ವರ್ಷದ ಹಿಂದೆ, ಗಣೇಶ ಚೌತಿಯ ಹೊತ್ತಿಗೆ, ಅಕ್ಕನ ಕೆಮ್ಮಿನಲ್ಲಿ ರಕ್ತ ಕಂಡಿತು. ಡಾಕ್ಟರು ಕ್ಷಯ ಎಂದರು. ಔಷಧ ಬರೆದುಕೊಟ್ಟು, ಇದಕ್ಕಿಂತ ಮುಖ್ಯವಾದದ್ದು ಬಯಲ ಗಾಳಿ ಮತ್ತು ಬಿಸಿಲು, ಹಗಲೆಲ್ಲ ಹೊರಗೆ ಮಲಗಿರಲಿ, ಬೇಗ ಶುರು ಮಾಡಿ ಎಂದು ಹೇಳಿದರು.

ಹೊರಗೆ ಎಂದರೆ ಎಲ್ಲಿ? ನಮ್ಮ ಮನೆ ಇರುವುದು ಯೆರವಡೆಯ ಕಡೆ, ಜೈಲಿನ ಗಂಟೆ ಕೇಳುವಷ್ಟು ಹತ್ತಿರ. ಮುಂದೆ ರಸ್ತೆಯ ಧೂಳು. ಹಿಂದೆ ಹಿತ್ತಲು ದೊಡ್ಡದು, ಆದರೆ ಎರೆ ಮಣ್ಣು. ಮಳೆ ಬಿದ್ದರೆ ತಿಂಗಳುಗಟ್ಟಲೆ ತಂಪು ಬಿಡುವುದಿಲ್ಲ. ಮಂಚ ಇಟ್ಟು ನೋಡಿದೆವು. ಅದರ ಕಾಲುಗಳು ಗೇಣುದ್ದ ಹೂತವು. ಆಗ ನನಗೆ ಕಟ್ಟೆಯ ಯೋಚನೆ ಹೊಳೆಯಿತು. ಆರು ಕಲ್ಲಿನ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ನೆಲದಿಂದ ಎರಡಡಿ ಎತ್ತರ. ಅದೇ ದಿನ ನಕ್ಷೆ ಬರೆದು ಅಕ್ಕನಿಗೆ ತೋರಿಸಿದೆ.

“ಏನೋ ಇದು?”

“ಕಟ್ಟಿಗೀ ಕಟ್ಟಿ, ಅಕ್ಕಾ. ನೀ ಮಲಗಲಿಕ್ಕೆ.”

“ಕಟ್ಟಿಗೀ ಮ್ಯಾಲ ಮಲಗೋದು ನನಗ ಹ್ಯಾಂಗೂ ತಪ್ಪಿದ್ದಲ್ಲ,” ಎಂದಳು. “ನೀ ಸ್ವಲ್ಪ ಮೊದಲಽ ಮಲಗಸ್ತಿ, ಅಷ್ಟಽ.”

ನನಗೆ ಸಿಟ್ಟು ಬಂತು. ಅವಳು ಕೆಮ್ಮುತ್ತಲೇ ನಕ್ಕಳು.

ಬೈಲಹೊಂಗಲದ ಕಡೆಯ ಬಡಿಗೇರ ಕಾಳಪ್ಪ ಆಗ ಪುಣೆಯಲ್ಲೇ ಇದ್ದ. ಅವನನ್ನು ಕರೆದುಕೊಂಡು ಕಟ್ಟಿಗೆಯ ವಖಾರಗಳನ್ನು ಸುತ್ತಿದೆ. ಕಾಳಪ್ಪ ಮಾತಿಗಿಂತ ಬೆರಳನ್ನು ಹೆಚ್ಚು ನಂಬುವವನು. ಹಲಗೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ, ಕೊಯ್ದ ಕಡೆ ಮೂಗು ಇಡುತ್ತಿದ್ದ. “ಇದು ಇನ್ನೂ ಹಸಿ ಅದ ರಾಯರ. ಒಂದು ಬ್ಯಾಸಗಿ ಕಂಡ್ರ ಡೊಂಕ ಆಗತದ,” ಎಂದು ಸಾಗವಾನಿಯ ಒಂದು ರಾಶಿಯನ್ನು ಬಿಟ್ಟ. ಇನ್ನೊಂದರಲ್ಲಿ ಚೇಗು ಕಡಿಮೆ, ಬಿಳಿಯ ಹೊರಭಾಗವೇ ಹೆಚ್ಚು. ಗೆದ್ದಲು ಬಿಡುವುದಿಲ್ಲ ಎಂದ. ಮೂರನೆಯ ವಖಾರದಲ್ಲಿ ಅವನು “ನಡೀತದ್ರಿ” ಎಂದ ಹಲಗೆಗಳಲ್ಲಿ ನನಗೆ ಗಂಟುಗಳು ಕಂಡವು. ಬೇಡವೆಂದೆ. ನಾಲ್ಕನೆಯದರಲ್ಲಿ ಅಗಲ ಒಂದೇ ಸಮ ಇರಲಿಲ್ಲ. ಅದೂ ಬೇಡವೆಂದೆ.

“ರಾಯರ, ಅಕ್ಕಾರಿಗೆ ಮಲಗಲಿಕ್ಕೆ ಬೇಕೋ, ದೇವರ ಪೆಟಗಿ ಮಾಡಲಿಕ್ಕೆ ಬೇಕೋ?” ಎಂದು ಕೇಳಿದ ಕಾಳಪ್ಪ.

ಕಡೆಗೆ, ಕೆಡವಿದ ಒಂದು ಹಳೆಯ ವಾಡೆಯ ತೊಲೆಗಳು ಸಿಕ್ಕವು. ನೂರು ವರ್ಷ ಸೂರಿನ ಕೆಳಗೆ ಒಣಗಿದ ಸಾಗವಾನಿ. ಅವನ್ನು ಸೀಳಿಸಿ ಮನೆಗೆ ತರುವಷ್ಟರಲ್ಲಿ ಹನ್ನೊಂದು ದಿನವಾಗಿತ್ತು. ಹೊಸದಾಗಿ ಸೀಳಿದ್ದೆಂದು ಒಂದು ವಾರ ನೆರಳಿನಲ್ಲಿ ಒಟ್ಟಿಟ್ಟೆವು. ಆಮೇಲೆ ನಾಲ್ಕು ದಿನ ಜೋಡಣೆ. ಮಳೆಯ ನೀರು ಇಳಿದುಹೋಗಲು ಎರಡು ಹಲಗೆಗಳ ನಡುವೆ ಸಂದು ಬೇಕು. ಆ ಸಂದಿಗೆ ನನ್ನ ಪೆನ್ಸಿಲನ್ನೇ ಅಳತೆಯಾಗಿ ಕೊಟ್ಟೆ. ಹನ್ನೆರಡು ಹಲಗೆ. ನಿಜ ಹೇಳುತ್ತೇನೆ, ನೋಡಲು ಬಲು ಸುಂದರವಾಗಿತ್ತು.

ಕೆಲಸ ಮುಗಿದ ದಿನ ಕಾಳಪ್ಪ ಉಳಿ, ಸುತ್ತಿಗೆ ಚೀಲಕ್ಕೆ ತುಂಬುತ್ತ, “ಎಣ್ಣಿ ಆಮ್ಯಾಲ ಹಚ್ಚೂಣ್ರಿ. ಮೊದಲ ಅಕ್ಕಾರು ನಾಕು ದಿನ ಮಲಗಲಿ,” ಎಂದ. ನಾನು ಒಪ್ಪಲಿಲ್ಲ. ಬರೀ ಹಲಗೆ ಇಬ್ಬನಿ ಕುಡಿಯುತ್ತದೆ, ಕಲೆ ಬೀಳುತ್ತದೆ. ಮೂರು ಕೈ ಎಣ್ಣೆ ಬೀಳಬೇಕು; ಒಂದೊಂದು ಕೈ ಒಣಗಲು ನಾಲ್ಕು ದಿನ; ಬೆರಳಿಟ್ಟರೆ ಅಂಟಬಾರದು. ಹೀಗೆ ಬರೆದ ವೇಳಾಪಟ್ಟಿಯನ್ನು ಅಡಿಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ದಿನ ಕಳೆದಂತೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಅಕ್ಕನಿಗೆ ಓದು ಬರುತ್ತಿರಲಿಲ್ಲ, ಆದರೆ ಗುರುತು ಬೀಳದೆ ಉಳಿದ ಚೌಕಗಳನ್ನು ಎಣಿಸಲು ಬರುತ್ತಿತ್ತು. ದಿನಾ ಬೆಳಿಗ್ಗೆ ಕೇಳುವಳು: “ಒಣಗಿತೇನೋ ತಮ್ಮಾ?”

ಎರಡನೆಯ ಕೈ ಹಚ್ಚಿದ ಮರುದಿನ ಸಂಜೆ ಕಚೇರಿಯಿಂದ ಬಂದವನೇ ಹಿತ್ತಲಿಗೆ ಹೋದೆ. ನಡುವಿನ ಮೂರು ಹಲಗೆಗಳ ಮೇಲೆ ಮನುಷ್ಯರು ಮಲಗಿದ ಗುರುತು. ಭುಜ, ಬೆನ್ನು, ಸೊಂಟ; ಒಂದು ಮೊಣಕೈ. ದಪ್ಪ ನೂಲಿನ ಸೀರೆಯ ನೇಯ್ಗೆ ಎಳೆಎಳೆಯಾಗಿ ಎಣ್ಣೆಯಲ್ಲಿ ಮೂಡಿತ್ತು.

“ಯಾರು ಮಲಗಿದ್ರು ಅಲ್ಲೆ?” ಎಂದು ಕೂಗಿದೆ.

“ನಾನಽ. ಮತ್ಯಾರು, ಬೆಕ್ಕು?” ಎಂದಳು ಅಕ್ಕ, ಹಾಸಿಗೆಯಿಂದಲೇ.

“ಇನ್ನೊಂದು ವಾರ ತಡಿಯೋದು ಆಗಲಿಲ್ಲೇನು ನಿನಗ?”

“ಬಿಸಲು ಭಾಳ ಛಲೋ ಬಿದ್ದಿತ್ತೋ.”

“ಸೀರೀನೂ ಹಾಳಾತು, ಹಲಗೀನೂ ಹಾಳಾತು!”

“ಸೀರಿ ಒಗದರ ಹೋಗತದ. ಹಲಗೀ ಮ್ಯಾಲ ಮಲಗಾಕಿ ನಾನಽ ಅಲ್ಲೇನು? ನನ್ನ ಗುರುತು ನನಗೇನು ಚುಚ್ಚತದ?”

ಅವಳ ಮಾತು ನಿಜವೇ. ಆದರೂ ಬೈದೆ. ಹೇಳಿದ್ದು ಕೇಳದಿದ್ದರೆ ಇಷ್ಟೆಲ್ಲ ಯಾರಿಗಾಗಿ ಮಾಡುವುದು ಎಂದೆ. ಕ್ಷಯ ಹಿಡಿದ ಮನುಷ್ಯಳಿಗೆ, ಹಲಗೆಯ ಸಲುವಾಗಿ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಕಾಳಪ್ಪನನ್ನು ಕರೆಸಿದೆ. ಅವನು ಆ ಗುರುತಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹಲಗೆಯ ಮೇಲೆ ಬೆರಳಾಡಿಸಿದ. “ಇರಲಿ ಬಿಡ್ರಿ ರಾಯರ. ಮೂರನೇ ಕೈಯಾಗ ಮುಚ್ಚಿ ಹೋಗತದ,” ಎಂದ. ಮುಚ್ಚುವುದು ಬೇರೆ, ಸರಿಮಾಡುವುದು ಬೇರೆ ಎಂದೆ ನಾನು. ಅವನು ಮೂರೂ ಹಲಗೆಗಳನ್ನು ಹತ್ತರಿಯಿಂದ ಕೆರೆದು ಬಿಳಿ ಮಾಡಿದ. ಅವು ಉಳಿದವುಗಳಿಗಿಂತ ಒಂದು ಎಳೆ ತಗ್ಗಾದವು. ಇಂದಿಗೂ ಮಳೆಯ ತೇವ ಕೊನೆಗೆ ಆರುವುದು ಅಲ್ಲಿಯೇ.

ಮತ್ತೆ ಮೊದಲಿನಿಂದ ಮೂರು ಕೈ, ಹನ್ನೆರಡು ದಿನ. ನಡುವೆ ಅಕ್ಕನಿಗೆ ಜ್ವರ ಏರಿತು. ಉಳಿದ ಹಲಗೆಗಳ ಮೇಲಾದರೂ ಚಾಪೆ ಹಾಸೋಣವೇ ಎಂದು ಹೆಂಡತಿ ಕೇಳಿದಳು. ಎಲ್ಲವೂ ಒಂದೇ ಸಲ ಆಗಬೇಕು ಎಂದೆ. ಒಂದು ಅಕಾಲದ ಮಳೆ ಎರಡು ದಿನ ತಿಂದಿತು. ಅಕ್ಕ “ಒಣಗಿತೇನೋ” ಎಂದು ಕೇಳುವುದನ್ನು ಬಿಟ್ಟಳು. ಅದನ್ನು ನಾನು ಗಮನಿಸಲಿಲ್ಲ.

ದೀಪಾವಳಿಗೆ ಮುಂಚೆ, ಒಂದು ಬೆಳಗಿನ ಜಾವ, ಅವಳು ಹೋದಳು. ಹಿತ್ತಲಿಗೆ ತಂದೆವು. ಹಿರಿಯರು ನೆಲದ ಮೇಲೇ ಮಲಗಿಸಬೇಕು, ಹಲಗೆಯ ಮೇಲೆ ಕೂಡದು ಎಂದರು. ಕಟ್ಟೆಯ ಪಕ್ಕದಲ್ಲಿ, ಆ ತಂಪು ಎರೆ ಮಣ್ಣಿನ ಮೇಲೆ, ದರ್ಭೆ ಹಾಸಿ ಮಲಗಿಸಿದೆವು. ನಾನು ರೂಢಿಯಿಂದ ಹಲಗೆಗೆ ಬೆರಳಿಟ್ಟೆ. ಬೆರಳಿಗೆ ಏನೂ ಅಂಟಲಿಲ್ಲ.

ಅಂದಿನಿಂದ ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಕಟ್ಟೆಗೆ ಎಣ್ಣೆ ಹಚ್ಚುತ್ತೇನೆ. ಆ ಮೂರು ಹಲಗೆಗಳ ಹತ್ತಿರ ಬಂದಾಗ ಬಾಯಿ ತಾನಾಗಿ ಒಂದು ಮಾತು ಆಡುತ್ತದೆಯಂತೆ. ಇಂದೂ ಆಡಿತು: “ಹತ್ತು ನಿಮಿಷನೂ ಮಲಗಿರಲಿಕ್ಕಿಲ್ಲ, ಪಾಪ.”

ಹೆಂಡತಿ ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕೆಳಗಿಟ್ಟಳು.

“ಪ್ರತಿ ವರ್ಷಾ ಇದನ್ನಽ ಅಂತೀರಿ. ಕೇಳಿ ಕೇಳಿ ಸಾಕಾತು ನನಗ. ಹತ್ತು ನಿಮಿಷ ಅಲ್ರಿ. ಎರಡು ತಾಸು.”

ನಾನು ಕುಂಚವನ್ನು ಡಬ್ಬಿಯ ಬಾಯಿಗೆ ಅಡ್ಡ ಇಟ್ಟೆ.

“ಅಕ್ಕಾರನ್ನ ನಾನಽ ಕೈ ಹಿಡದು ಕರಕೊಂಡು ಬಂದಿದ್ದೆ,” ಎಂದಳು. “ಜೈಲಿನ ಗಂಟಿ ಒಂದು ಹೊಡದಿತ್ತು. ಚಾಪಿ ಹಾಸತೇನಿ ಅಂದೆ. ಬ್ಯಾಡ, ಕಾದ ಹಲಗಿ ಬೆನ್ನಿಗೆ ಹತ್ತಲಿ ಅಂದ್ರು. ಮಲಗಿ ಹದ್ದು ನೋಡಿದ್ರು. ಎರಡು ಹದ್ದು ಸುತ್ತಾಕತಿದ್ವು. ಹದಿಮೂರು ವರ್ಷ ಆತು ನೋಡವಾ, ಮ್ಯಾಲ ನೋಡಲಿಕ್ಕೆ ಪುರಸೊತ್ತಽ ಆಗಿದ್ದಿಲ್ಲ ಅಂದ್ರು. ಮೂರು ಹೊಡದಾಗ ಎಬ್ಬಸಿದೆ.”

“ಕೆಮ್ಮಿದಳೇನು?”

“ಒಂದ ಸಲಾನೂ ಇಲ್ಲ. ಏಳುವಾಗ, ಅವಗ ಹೇಳಬ್ಯಾಡ, ಕಟ್ಟಿ ಮಾತ್ರ ಭಾಳ ಛಲೋ ಮಾಡ್ಯಾನ ಅಂದ್ರು.”

“ಇಷ್ಟು ವರ್ಷ ಯಾಕ ಹೇಳಲಿಲ್ಲ ನೀನು?”

“ಹೇಳಿದ್ರ ಕಾಳಪ್ಪನ್ನ ಕರಸಿ ನನ್ನನ್ನೂ ಕೆರಸ್ತಿದ್ರಿ.”

ಹೇಳಿ ನಕ್ಕಳು, ಮೊರ ಎತ್ತಿಕೊಂಡಳು. ನನಗೆ ನಗಲಾಗಲಿಲ್ಲ. ಅಕ್ಕನಿಗೆ ಎರಡು ತಾಸು ದೊರಕಿತ್ತೆಂಬ ಸಮಾಧಾನ ಒಂದು ಕಡೆ. ಅದನ್ನು ಇಬ್ಬರು ಹೆಂಗಸರು ನನ್ನಿಂದ ಬಚ್ಚಿಟ್ಟುಕೊಳ್ಳಬೇಕಾಯಿತು ಎಂಬುದು ಇನ್ನೊಂದು ಕಡೆ. ಇಷ್ಟು ವರ್ಷ ನಾನು ಸಮಯಕ್ಕೆ ಸರಿಯಾಗಿ ನಡೆಸಿದ ಈ ಮನೆಯಲ್ಲಿ, ನನಗೆ ಹೇಳದೆ ಇನ್ನೆಷ್ಟು ಒಳ್ಳೆಯ ಮಧ್ಯಾಹ್ನಗಳು ಕಳೆದಿವೆಯೋ ಕೇಳುವ ಧೈರ್ಯವಾಗಲಿಲ್ಲ. ತಲೆ ಯಾವ ಕಡೆ ಇತ್ತು ಎಂದಷ್ಟೇ ಕೇಳಿದೆ. ಮೂಡಣಕ್ಕೆ ಎಂದಳು.

ಹನ್ನೆರಡು ಹಲಗೆಗೂ ಎಣ್ಣೆ ಮುಗಿಸಿದಾಗ ಹನ್ನೊಂದೂವರೆ. ಕುಂಚ ತೊಳೆದೆ, ಡಬ್ಬಿ ಮುಚ್ಚಿದೆ, ಸ್ನಾನ, ಊಟ. ಸಂಜೆ ಐದಕ್ಕೆ ಪೆಟ್ಟಿಗೆಯ ತಳದಿಂದ ಆ ವರ್ಷದ ದಿನಚರಿಯನ್ನು ಹೊರತೆಗೆದೆ. ಆ ದಿನದ ಪುಟದಲ್ಲಿ ನನ್ನ ಕೈಬರಹ ಅಚ್ಚುಕಟ್ಟಾಗಿತ್ತು: ‘ಮೂರು ಹಲಗೆ ಹಾಳು. ನಾಳೆ ಕಾಳಪ್ಪನನ್ನು ಕರೆಸುವುದು.’ ಕೆಳಗೆ ಜಾಗವಿತ್ತು. ಅಕ್ಷರ ಸ್ವಲ್ಪ ಡೊಂಕಾಯಿತು, ತಿದ್ದಲಿಲ್ಲ. ‘ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಕ್ಕ ಬಿಸಿಲಿನಲ್ಲಿ ಮಲಗಿದ್ದಳು’ ಎಂದು ಬರೆದು, ಶಾಯಿ ಒಣಗುವ ಮೊದಲೇ ಪುಸ್ತಕ ಮುಚ್ಚಿದೆ.