ಮುಳ್ಳು ನೋಡಿ ದಾರಿ ಹೇಳುವವರು

ದೊಡ್ಡಬಳ್ಳಾಪುರಕ್ಕೆ ಹೊಸಬನಾದ ನನಗೆ ಗುಡ್ಡದಲ್ಲಿ ಸೈಕಲ್ ಓಡಿಸುವ ಕಾಲುದಾರಿಗಳನ್ನೆಲ್ಲ ಹೇಳಿಕೊಟ್ಟವರು ಪಂಕ್ಚರ್ ಅಂಗಡಿಯವರು. ಟೈರಿನಿಂದ ಕಿತ್ತ ಮುಳ್ಳನ್ನು ಕನ್ನಡಕದ ಹತ್ತಿರ ಹಿಡಿದು, "ಕೆರೆ ಏರಿ ಮೇಲೆ ಹೋಗಿದ್ರಿ. ಮುಳ್ಳು ಸುಳ್ಳು ಹೇಳಲ್ಲ ಸಾರ್. ನಾಳೆ ನೀಲಗಿರಿ ತೋಪಲ್ಲಿ ಹೋಗಿ, ಅಲ್ಲಿ ಜಾಲಿ ಇಲ್ಲ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ.

ಒಂದು ಭಾನುವಾರ ಪಂಕ್ಚರ್ ಆಗದಿದ್ದರೂ ಹೋದೆ. ಟೈರಿಗಂಟಿದ ಕೆಂಪು ಮಣ್ಣನ್ನು ಬೆರಳಲ್ಲಿ ಉಜ್ಜಿ, "ಘಾಟಿ ಕಡೆ ಬೆಟ್ಟ ಇಳಿದಿದ್ದೀರಿ. ಹೆಂಗೈತೆ ಅಲ್ಲಿ?" ಎಂದರು. ಅವರಿಗೆ ಬೆಟ್ಟ ಗೊತ್ತಿದ್ದದ್ದು ಗಿರಾಕಿಗಳ ಟೈರಿನಿಂದ ಮಾತ್ರ!

"ನೀವೇ ನೋಡ್ಕೊಂಡು ಬನ್ನಿ" ಎಂದು ಸೈಕಲ್ ಕೊಟ್ಟು, ಅಂಗಡಿ ಕಾಯುತ್ತ ಕೂತೆ.

ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ಬಂದರು, ಮೈಯೆಲ್ಲ ಧೂಳು. ಅಂಗೈಯಲ್ಲಿದ್ದ ಮುಳ್ಳನ್ನು ಹೆಮ್ಮೆಯಿಂದ ತೋರಿಸಿದರು: "ಇದ್ಯಾವ ಗಿಡದ್ದೋ, ನಂಗೂ ಗೊತ್ತಿಲ್ಲ ಸಾರ್!"