ತಾಯಿಗಿಂತ ಹಿರಿಯ ಮಗ

ಗೆಳೆಯರೇ, ಇವತ್ತು ನಮ್ಮೂರ ಹಿರಿಯರಿಗೆ ಸನ್ಮಾನವಿತ್ತು. ಎಲ್ಲರಿಗಿಂತ ಹಿರಿಯರಿಗೆ ಮೊದಲ ಶಾಲು. ಅವರವರ ಗುರುತಿನ ಕಾರ್ಡಿನಲ್ಲಿದ್ದ ಹುಟ್ಟಿದ ತಾರೀಖಿನಿಂದ ವಯಸ್ಸು ಲೆಕ್ಕ ಹಾಕಿಸಿ, ಕಂಪ್ಯೂಟರಿನಲ್ಲಿ ಪಟ್ಟಿಯನ್ನು ಇಳಿಕೆ ಕ್ರಮದಲ್ಲಿ ಜೋಡಿಸಿದವನು ನಾನೇ. ಮೈಕಿನಲ್ಲಿ ಓದಿದೆ: ಮೊದಲನೆಯವರು ಬಸಪ್ಪ ಕಾಕಾ, ಮೂರನೆಯವರು ಅವರ ತಾಯಿ ನೀಲವ್ವಜ್ಜಿ.

ಅಜ್ಜಿ ಜಮಖಾನದಿಂದ ಎದ್ದೇಬಿಟ್ಟರು. "ಹಂಗಾದ್ರ ಅಂವಾ ನನ್ನ ಹಡದಾನೇನಲೇ?"

"ಕಾರ್ಡಿನ್ಯಾಗ ಹಂಗ ಐತ್ರಿ ಯವ್ವಾ," ಅಂದೆ.

"ಕಾರ್ಡ ಮಾಡ್ಸೂ ಮುಂದ ಅಂದಾಜಿಲೆ ಹೇಳಿದ್ವಿ. ಹಡಿಯೂ ಮುಂದ ಅಂದಾಜಿಲೆ ಹಡದಿಲ್ಲೋ! ಬಸ್ಯಾ, ಏಳ ಮ್ಯಾಲೆ!"

ಶಾಲಿಗೆ ಕೊರಳು ಚಾಚಿ ಕೂತಿದ್ದ ಕಾಕಾ ತಟ್ಟನೆ ಕುರ್ಚಿ ಬಿಟ್ಟರು.

ಈಗ ಪಟ್ಟಿಯನ್ನು ಹೊಸದಾಗಿ ಜೋಡಿಸಿದ್ದೇನೆ, ಯಾರು ಗದರಿದರೆ ಯಾರು ಎದ್ದು ನಿಲ್ಲುತ್ತಾರೆ ಎಂಬ ಲೆಕ್ಕದಲ್ಲಿ. ಒಂದೂ ತಪ್ಪಿಲ್ಲ.